ಹರಳುಗಟ್ಟಿದ ಪ್ರೋಟೀನು: ಚಳಿ, ಉಪ್ಪು ಮತ್ತು ಸಬರ್‌ನ ಒಂದು ಇತಿಹಾಸ



ನಿಕಾಹ್ ಮುಗಿದು ದುಆ ಆದ ಕೂಡಲೇ ಖರ್ಜೂರದೊಂದಿಗೆ ನಮ್ಮ ಕೈಗೆ ಬರುವ ಮಿಸ್ರಿಯ ತುಂಡನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಒಮ್ಮೆಯಾದರೂ ಬೆಳಕಿಗೆ ಹಿಡಿದು ನೋಡಿದ್ದೀರಾ? ಅದರ ಮುಖಗಳು ನುಣುಪಾಗಿಯೂ ಅಂಚುಗಳು ಗೆರೆ ಎಳೆದಂತೆ ನೇರವಾಗಿಯೂ ಇರುತ್ತವೆ. ಅದನ್ನು ಯಾರೂ ಉಳಿ ಹಿಡಿದು ಕೆತ್ತಿದವರಿಲ್ಲ. ಗಟ್ಟಿಯಾದ ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟು, ಅಲುಗಾಡಿಸದೆ ಕೆಲವು ದಿನ ಇಟ್ಟರೆ ಸಕ್ಕರೆಯ ಅಣುಗಳು ತಾವಾಗಿಯೇ ಸಾಲುಗಟ್ಟಿ ನಿಂತು ಆ ರೂಪವನ್ನು ಪಡೆಯುತ್ತವೆ. ಮಸೀದಿಯಲ್ಲಿ ಜಮಾಅತ್ ನಿಂತಾಗ ಸಫ್‌ಗಳು ನೇರವಾಗುವ ಹಾಗೆ ಎಂದು ನಾನು ಮಕ್ಕಳಿಗೆ ಹೇಳುವುದುಂಟು. ಕನ್ನಡದಲ್ಲಿ ಇದನ್ನು ಹರಳು ಅಥವಾ ಸ್ಫಟಿಕ ಎನ್ನುತ್ತೇವೆ. ಉರ್ದುವಿನ ವಿಜ್ಞಾನ ಪುಸ್ತಕಗಳಲ್ಲಿ ಇದಕ್ಕೆ ‘ಕಲಮ್’ ಎಂಬ ಪದವಿದೆ. ಹರಳುಗಟ್ಟುವ ಕ್ರಿಯೆಗೆ ‘ಕಲ್ಮಾವ್’. ಬರೆಯುವ ಲೇಖನಿಗೂ ಹರಳಿಗೂ ಒಂದೇ ಹೆಸರು! ಪೆಟ್ಲುಪ್ಪಿನ ಉದ್ದುದ್ದ ಹರಳನ್ನು ಕಂಡವರಿಗೆ ‘ಕಲ್ಮಿ ಶೋರಾ’ ಎಂಬ ಹೆಸರು ಏಕೆ ಬಂತೆಂದು ವಿವರಿಸಬೇಕಾಗಿಲ್ಲ.

ಈ ಪೆಟ್ಲುಪ್ಪನ್ನು ಮರದ ಬೂದಿಯ ನೆರವಿನಿಂದ ಶುದ್ಧಿಗೊಳಿಸಿ ಹರಳುಗಟ್ಟಿಸುವ ವಿಧಾನವನ್ನು 13ನೇ ಶತಮಾನದಲ್ಲಿ ಸಿರಿಯಾದ ಹಸನ್ ಅಲ್-ರಮ್ಮಾಹ್ ಅರಬಿಯಲ್ಲಿ ಬರೆದಿಟ್ಟಿದ್ದಾರೆ. ಇದು ನಾವು ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತು ಎಂದು ಬರೆಯುವ ಒಂದು ಚಾಳಿ ನಮ್ಮಲ್ಲಿದೆ. ನಾನು ಹಾಗೆ ಬರೆಯಲಾರೆ. ನಾನು ಹೇಳಹೊರಟಿರುವುದು ಸಕ್ಕರೆಯ ಅಥವಾ ಪೆಟ್ಲುಪ್ಪಿನ ಹರಳಿನ ಕಥೆಯಲ್ಲ, ಪ್ರೋಟೀನಿನ ಹರಳಿನ ಕಥೆ. ಅದು ಇತ್ತೀಚಿನದು. ಅದರಲ್ಲಿ ಹಸನ್ ಅಲ್-ರಮ್ಮಾಹ್ ಅವರಿಗಾಗಲಿ ನಮ್ಮ ಬೇರೆ ಹಿರಿಯರಿಗಾಗಲಿ ಪಾಲಿಲ್ಲ. ಪಾಲು ಇಲ್ಲದ ಕಥೆಯಿಂದಲೂ ಕಲಿಯುವುದು ಬೇಕಾದಷ್ಟಿರುತ್ತದೆ.

ಪ್ರೋಟೀನು ಎಂದರೆ ಮೊಟ್ಟೆ, ಬೇಳೆ, ಮಾಂಸ ಎಂದಷ್ಟೇ ನಾವು ತಿಳಿದಿರುತ್ತೇವೆ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್, ಜಠರದಲ್ಲಿ ಆಹಾರವನ್ನು ಜೀರ್ಣಿಸುವ ಪೆಪ್ಸಿನ್, ಸಕ್ಕರೆ ಕಾಯಿಲೆಯವರು ಚುಚ್ಚಿಸಿಕೊಳ್ಳುವ ಇನ್ಸುಲಿನ್ ಇವೆಲ್ಲವೂ ಪ್ರೋಟೀನುಗಳೇ. ಇವುಗಳ ಕೆಲಸವೆಲ್ಲ ಇವುಗಳ ಆಕಾರದಲ್ಲಿದೆ. ಬೀಗಕ್ಕೆ ಹೊಂದುವ ಕೀಲಿಯಂತೆ. ಆ ಆಕಾರ ಯಾವ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕದಾಗಿದ್ದ ಕಾಲದಲ್ಲಿ ಅದನ್ನು ತಿಳಿಯಲು ಇದ್ದ ಮುಖ್ಯ ದಾರಿ ಎಂದರೆ ಕೋಟ್ಯಂತರ ಅಣುಗಳನ್ನು ಒಂದೇ ರೀತಿಯಲ್ಲಿ ಸಾಲು ನಿಲ್ಲಿಸಿ, ಅಂದರೆ ಹರಳುಗಟ್ಟಿಸಿ, ಅದರ ಮೂಲಕ ಎಕ್ಸ್-ಕಿರಣವನ್ನು ಹಾಯಿಸುವುದು. ಕಿರಣಗಳು ಚದುರಿ ಫೋಟೋ ಫಿಲ್ಮಿನ ಮೇಲೆ ಮೂಡಿಸುವ ಚುಕ್ಕೆಗಳಿಂದ ಲೆಕ್ಕ ಹಾಕಿ ಅಣುವಿನ ರೂಪವನ್ನು ಕಂಡುಹಿಡಿಯಬಹುದು. ಹರಳು ಇಲ್ಲದಿದ್ದರೆ ಚುಕ್ಕೆಗಳಿಲ್ಲ, ಚುಕ್ಕೆಗಳಿಲ್ಲದಿದ್ದರೆ ಲೆಕ್ಕವೂ ಇಲ್ಲ.

ತೊಡಕು ಇರುವುದು ಇಲ್ಲಿಯೇ. ಸಕ್ಕರೆಯ ಅಣು ಚಿಕ್ಕದು, ಗಟ್ಟಿಮುಟ್ಟಾದುದು. ಸುಲಭವಾಗಿ ಸಾಲಿಗೆ ಬರುತ್ತದೆ. ಪ್ರೋಟೀನಿನ ಅಣುವಿನಲ್ಲಿ ಸಾವಿರಾರು ಪರಮಾಣುಗಳು. ನೂಲಿನ ಉಂಡೆಯಂತೆ ಸುತ್ತಿಕೊಂಡಿರುವ ಅದು ಬಿಸಿ ತಾಗಿದರೆ ಬಿಚ್ಚಿಹೋಗುತ್ತದೆ, ಆಮ್ಲ ಹೆಚ್ಚಾದರೆ ಕೆಡುತ್ತದೆ. ಹಸಿ ಮೊಟ್ಟೆಯ ತಿಳಿಯಾದ ಲೋಳೆ ಕುದಿನೀರಿನಲ್ಲಿ ಬೆಳ್ಳಗಾಗಿ ಗಟ್ಟಿಯಾಗುವುದನ್ನು ದಿನವೂ ನೋಡುತ್ತೇವಲ್ಲ, ಅದೇ ಇದು. ಆದ್ದರಿಂದ ಪ್ರೋಟೀನನ್ನು ಹರಳುಗಟ್ಟಿಸಬೇಕಾದರೆ ಪ್ರಯೋಗಶಾಲೆಯ ಶಾಖ, ದ್ರಾವಣದ ಉಪ್ಪು, ಆಮ್ಲದ ಪ್ರಮಾಣ, ನೀರು ಆರುವ ವೇಗ, ಪ್ರೋಟೀನಿನ ಶುದ್ಧತೆ ಎಲ್ಲವೂ ಒಂದು ಹದಕ್ಕೆ ಬರಬೇಕು. ಹದ ತಪ್ಪಿದರೆ ಹರಳಿನ ಬದಲು ಪಾತ್ರೆಯ ತಳದಲ್ಲಿ ಮೊಸರಿನಂಥ ಗಸಿ ಕೂರುತ್ತದೆ.

ಮೊದಲು ಕಂಡ ಹರಳು ಅಚ್ಚರಿಯೆಂಬಂತೆ ಎರೆಹುಳುವಿನದು. 1840ರಲ್ಲಿ ಜರ್ಮನಿಯ ಹ್ಯೂನೆಫೆಲ್ಡ್ ಎಂಬ ವಿಜ್ಞಾನಿ ಎರೆಹುಳುವಿನ ರಕ್ತವನ್ನು ಎರಡು ಗಾಜಿನ ತಟ್ಟೆಗಳ ನಡುವೆ ಒತ್ತಿಟ್ಟಿದ್ದಾಗ ಅದು ನಿಧಾನವಾಗಿ ಆರುತ್ತಾ ಕೆಂಪು ಹರಳುಗಳು ಮೂಡಿದ್ದವು. ಈ ‘ನಿಧಾನವಾಗಿ’ ಎಂಬ ಪದವನ್ನು ನೆನಪಿಡಿ. ಬಯಲಿನಲ್ಲಿ ಒಂದು ಹನಿ ರಕ್ತ ಬಿದ್ದರೆ ಅದು ಬೇಗ ಒಣಗಿ ಕಪ್ಪು ಕಲೆಯಾಗುತ್ತದೆ. ಎರಡು ಗಾಜುಗಳ ನಡುವೆ ಸಿಕ್ಕ ರಕ್ತ ಅಂಚಿನಿಂದ ಮಾತ್ರ ಆರಬಲ್ಲದು. ಹ್ಯೂನೆಫೆಲ್ಡ್ ಹರಳು ಮಾಡಲು ಹೊರಟವರಲ್ಲ, ಗಾಜಿನ ತಟ್ಟೆಗಳು ತಾವಾಗಿಯೇ ಆ ಹದವನ್ನು ಒದಗಿಸಿದ್ದವು. ಮುಂದಿನ ಐವತ್ತು ವರ್ಷಗಳಲ್ಲಿ ಅನೇಕರು ಬೇರೆ ಬೇರೆ ಪ್ರಾಣಿಗಳ ರಕ್ತದಿಂದ ಹರಳು ಪಡೆದರು. 1909ರಲ್ಲಿ ಅಮೆರಿಕದ ರೀಚರ್ಟ್ ಮತ್ತು ಬ್ರೌನ್ ನೂರಕ್ಕೂ ಹೆಚ್ಚು ಜಾತಿಯ ಪ್ರಾಣಿಗಳ ಹಿಮೋಗ್ಲೋಬಿನ್ ಹರಳುಗಳ ಚಿತ್ರಗಳಿರುವ ದೊಡ್ಡ ಗ್ರಂಥವನ್ನೇ ಹೊರತಂದರು. ಇದರ ನಡುವೆ 1890ರ ಸುಮಾರಿಗೆ ಪ್ರಾಗ್ ನಗರದಲ್ಲಿ ಹಾಫ್‌ಮೈಸ್ಟರ್ ಅವರು ಕೋಳಿಮೊಟ್ಟೆಯ ಬಿಳಿಭಾಗಕ್ಕೆ ಅಮೋನಿಯಂ ಸಲ್ಫೇಟ್ ಎಂಬ ಲವಣವನ್ನು ಸೇರಿಸಿ ಹರಳುಗಳನ್ನು ಪಡೆದಿದ್ದರು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಹಾಪ್‌ಕಿನ್ಸ್ ಅದೇ ದ್ರಾವಣಕ್ಕೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ಸ್ವಲ್ಪವೇ ಸೇರಿಸಿದರೆ ಹರಳು ಸುಲಭವಾಗಿ ಬರುವುದೆಂದು ತೋರಿಸಿದರು. ಉಪ್ಪು ನೀರನ್ನು ತನ್ನ ಕಡೆಗೆ ಸೆಳೆದುಕೊಂಡು ಪ್ರೋಟೀನನ್ನು ದ್ರಾವಣದಿಂದ ಹೊರದಬ್ಬುತ್ತದೆ. ಆಮ್ಲ ಪ್ರೋಟೀನಿನ ಮೇಲಿರುವ ವಿದ್ಯುದಾವೇಶವನ್ನು ತಗ್ಗಿಸಿ ಅಣುಗಳು ಒಂದನ್ನೊಂದು ದೂಡದಂತೆ ಮಾಡುತ್ತದೆ. ಉಪ್ಪು, ಹುಳಿ! ಅಡುಗೆಮನೆಯವರಿಗೆ ಈ ಪಾಠ ಹೊಸದೇನಲ್ಲ.

ಈಗ ನಾನು ಈ ಲೇಖನವನ್ನು ಬರೆಯಲು ಕಾರಣನಾದ ವ್ಯಕ್ತಿಯ ಬಳಿಗೆ ಬರುತ್ತೇನೆ. ಅವರ ಹೆಸರು ಜೇಮ್ಸ್ ಸಮ್ನರ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ 1887ರಲ್ಲಿ ಜನಿಸಿದರು. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಗೆ ಹೋಗಿದ್ದಾಗ ಜೊತೆಗಾರನ ಬಂದೂಕಿನಿಂದ ಆಕಸ್ಮಿಕವಾಗಿ ಗುಂಡು ತಗುಲಿ ಎಡಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಬೇಕಾಯಿತು. ಸಮ್ನರ್ ಎಡಚರು. ಬರೆಯುವುದರಿಂದ ಹಿಡಿದು ಎಲ್ಲವನ್ನೂ ಬಲಗೈಯಲ್ಲಿ ಹೊಸದಾಗಿ ಕಲಿಯಬೇಕಾಯಿತು. ಕಲಿತರು, ಟೆನ್ನಿಸ್ ಆಟವನ್ನೂ ಬಿಡಲಿಲ್ಲ. ಹಾರ್ವರ್ಡ್‌ನಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಸೇರಲು ಹೋದಾಗ ಅಲ್ಲಿನ ಪ್ರಾಧ್ಯಾಪಕ ಫೋಲಿನ್ ಅವರು, ಒಂದೇ ಕೈಯಿರುವವನಿಗೆ ಪ್ರಯೋಗಶಾಲೆಯ ಕೆಲಸ ಆಗದು, ಕಾನೂನು ಓದುವುದು ಒಳ್ಳೆಯದು ಎಂಬ ಸಲಹೆ ಕೊಟ್ಟರು. ಸಮ್ನರ್ ಕೇಳಲಿಲ್ಲ. 1914ರಲ್ಲಿ ಅದೇ ಫೋಲಿನ್ ಅವರ ಬಳಿಯಲ್ಲಿಯೇ ಡಾಕ್ಟರೇಟ್ ಪಡೆದರು. ವಿದ್ಯಾರ್ಥಿಗಳೇ, ಫೋಲಿನ್ ಕೆಟ್ಟವರಾಗಿರಲಿಲ್ಲ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆಯೂ ತಪ್ಪಾಗಿರಬಹುದು ಎಂಬುದನ್ನು ಶಿಕ್ಷಕರಾದ ನಾವು ಗಮನಿಸಬೇಕು. ‘ಇದು ನಿನ್ನಿಂದಾಗದು, ಆರ್ಟ್ಸ್ ತಗೋ’ ಎಂದು ನಾವು ಎಷ್ಟು ಹುಡುಗಿಯರಿಗೆ ಹೇಳಿಲ್ಲ!

ಸಮ್ನರ್ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಪಾಠದ ಹೊರೆ ಹೆಚ್ಚು, ಉಪಕರಣಗಳು ಕಡಿಮೆ, ಹಣವೂ ಅಷ್ಟಕ್ಕಷ್ಟೆ. ಇಂಥ ಸ್ಥಿತಿಯಲ್ಲಿ 1917ರಲ್ಲಿ ಅವರು ಒಂದು ದೊಡ್ಡ ಪ್ರಶ್ನೆಯನ್ನು ಕೈಗೆತ್ತಿಕೊಂಡರು: ಕಿಣ್ವ ಎಂದರೆ ಏನು? ಜೀವಿಗಳ ದೇಹದಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಕಿಣ್ವಗಳು ಇವೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅವು ಯಾವ ವಸ್ತುವಿನಿಂದಾಗಿವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. 1915ರ ನೊಬೆಲ್ ಪಡೆದಿದ್ದ ಜರ್ಮನಿಯ ವಿಲ್‌ಸ್ಟಾಟರ್ ಅವರು ಕಿಣ್ವಗಳು ಪ್ರೋಟೀನುಗಳಲ್ಲ ಎಂಬ ವಾದದವರು. ಅಂಥವರ ಮಾತಿಗೆ ಎದುರು ನಿಲ್ಲುವುದು ಸುಲಭವಾಗಿರಲಿಲ್ಲ.

ಸಮ್ನರ್ ಆರಿಸಿಕೊಂಡದ್ದು ಯೂರಿಯೇಸ್ ಎಂಬ ಕಿಣ್ವವನ್ನು. ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದು ಇದರ ಕೆಲಸ. ಜಾಕ್‌ಬೀನ್ ಎಂಬ ದೊಡ್ಡ ಬಿಳಿ ಕಾಳಿನಲ್ಲಿ ಇದು ಹೇರಳವಾಗಿದೆ. ಆ ಕಾಳಿನ ಹಿಟ್ಟನ್ನು ನೆನೆಸಿ, ಸೋಸಿ, ಬೇಡವಾದುದನ್ನು ಒಂದೊಂದಾಗಿ ತೆಗೆದುಹಾಕಿ ಕೊನೆಗೆ ಯೂರಿಯೇಸ್ ಒಂದನ್ನೇ ಹರಳಾಗಿ ಪಡೆಯಬೇಕೆಂಬುದು ಅವರ ಗುರಿ. ಹರಳು ಎಂದರೆ ಶುದ್ಧತೆಯ ಸಾಕ್ಷಿ. ಅನ್ಯ ಅಣುಗಳು ಬೆರೆತಿದ್ದರೆ ಸಾಲು ಕೂಡುವುದು ಕಷ್ಟ. 1921ರಲ್ಲಿ ಬ್ರಸೆಲ್ಸ್‌ಗೆ ಹೋಗಿ ಅಲ್ಲಿನ ಹಿರಿಯ ಕಿಣ್ವತಜ್ಞರೊಬ್ಬರ ಬಳಿ ಕೆಲಸ ಮಾಡಲು ಒಂದು ಫೆಲೋಷಿಪ್ ದೊರೆಯಿತು. ಆ ತಜ್ಞರಿಗೆ ಯೂರಿಯೇಸನ್ನು ಬೇರ್ಪಡಿಸುವ ವಿಚಾರವೇ ಹಾಸ್ಯಾಸ್ಪದವೆನಿಸಿ ಆ ಯೋಜನೆ ಕೈಗೂಡಲಿಲ್ಲ. ಸಮ್ನರ್ ಮತ್ತೆ ಇಥಾಕಾದಲ್ಲಿಯೇ ಹಿಟ್ಟು ನೆನೆಸುತ್ತಾ ಕುಳಿತರು.

ಈಗ ಪ್ರಯೋಗಶಾಲೆಯ ಪರಿಸ್ಥಿತಿಗೆ ಬನ್ನಿ. ಹಿಟ್ಟಿನ ಸಾರವನ್ನು ಶೇಕಡಾ 30ರ ಆಲ್ಕೋಹಾಲಿನಲ್ಲಿ ತೆಗೆದು ತಣ್ಣಗೆ ಇಡಬೇಕು. ಶಾಖವಿದ್ದರೆ ಆಲ್ಕೋಹಾಲ್ ಪ್ರೋಟೀನನ್ನು ಕೆಡಿಸುತ್ತದೆ, ಬೇಡವಾದ ವಸ್ತುಗಳೂ ಗಸಿಯಾಗಿ ಬೇರ್ಪಡುವುದಿಲ್ಲ. ಆದರೆ ಅವರ ಪ್ರಯೋಗಶಾಲೆಯಲ್ಲಿ ಐಸ್ ಪೆಟ್ಟಿಗೆಯೇ ಇರಲಿಲ್ಲ. ಹಾಗಾಗಿ ಅವರು ಸಾರ ತುಂಬಿದ ಗಾಜಿನ ಜಾಡಿಗಳನ್ನು ರಾತ್ರಿ ಕಿಟಕಿಯ ಅಂಚಿನ ಮೇಲಿಟ್ಟು, ಇಂದು ಚಳಿ ಬೀಳಲಿ ಎಂದು ಪ್ರಾರ್ಥಿಸುತ್ತಿದ್ದರಂತೆ! ಇದನ್ನು ಮುಂದೆ ಅವರೇ ಬರೆದುಕೊಂಡಿದ್ದಾರೆ. ಇದನ್ನು ಓದಿದಾಗ ನನಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು. ಚಳಿಗಾಗಿ ದುಆ ಮಾಡುವ ವಿಜ್ಞಾನಿ! ಆದರೆ ಅವರು ದುಆ ಒಂದನ್ನೇ ನಂಬಿ ಕೂರಲಿಲ್ಲ. ಒಂಟೆಯ ಹಗ್ಗದ ಮಾತು ನಿಮಗೆಲ್ಲ ಗೊತ್ತೇ ಇದೆ. ಐಸ್ ಪೆಟ್ಟಿಗೆಯೊಂದನ್ನು ಹೊಂದಿಸಿಕೊಂಡರು. ಆಲ್ಕೋಹಾಲಿನ ಬದಲು ಅಸಿಟೋನ್ ಬಳಸಿ ನೋಡಿದರು. ಅದರ ಪ್ರಮಾಣವನ್ನು ಶೇಕಡಾ 32ರ ಆಸುಪಾಸಿಗೆ ತಂದು ನಿಲ್ಲಿಸಿದರು.

1926ರ ವಸಂತಕಾಲದ ಒಂದು ಬೆಳಿಗ್ಗೆ, ರಾತ್ರಿಯಿಡೀ ತಣ್ಣಗಿದ್ದ ದ್ರಾವಣದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಅದರಲ್ಲಿ ಹಿಂದೆಂದೂ ಕಾಣದ ಪುಟ್ಟ ಪುಟ್ಟ ಹರಳುಗಳಿದ್ದವು; ಎಂಟು ಮುಖದ, ಅಂಚು ತಿದ್ದಿದಂಥ ಹರಳುಗಳು. ಅವನ್ನು ಬೇರ್ಪಡಿಸಿ ನೀರಿನಲ್ಲಿ ಕರಗಿಸಿ ಪರೀಕ್ಷಿಸಿದರು. ಪ್ರೋಟೀನಿನ ಪರೀಕ್ಷೆಗೆ ಹೌದು ಎಂದಿತು. ಯೂರಿಯಾವನ್ನು ಒಡೆಯುವ ಶಕ್ತಿಯೂ ಹಿಂದಿನ ಯಾವ ಸಾರದಲ್ಲೂ ಇಲ್ಲದಷ್ಟಿತ್ತು. ಸಮ್ನರ್ ಟೆಲಿಫೋನಿನ ಬಳಿಗೆ ಹೋಗಿ ಮೊದಲು ತಿಳಿಸಿದ್ದು ತಮ್ಮ ಮಡದಿಗೆ. ಒಂಬತ್ತು ವರ್ಷಗಳ ಪರಿಶ್ರಮ ಅದು. ಆ ವರ್ಷದ ಆಗಸ್ಟ್‌ನಲ್ಲಿ ಲೇಖನ ಅಚ್ಚಾಯಿತು. ಮೆಚ್ಚಿದವರಿಗಿಂತ ನಂಬದವರೇ ಹೆಚ್ಚು. ಹರಳು ಬರೀ ಪ್ರೋಟೀನು, ನಿಜವಾದ ಕಿಣ್ವ ಅದಕ್ಕೆ ಅಂಟಿಕೊಂಡಿದೆ ಅಷ್ಟೆ ಎಂದು ವಿಲ್‌ಸ್ಟಾಟರ್ ಪಂಥದವರು ವಾದಿಸಿದರು. 1930ರಲ್ಲಿ ನಾರ್ತ್‌ರಪ್ ಅವರು ಪೆಪ್ಸಿನ್ ಕಿಣ್ವವನ್ನೂ ಹರಳುಗಟ್ಟಿಸಿದ ನಂತರವೇ ವಾದ ತಣ್ಣಗಾಗತೊಡಗಿತು. 1946ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅರ್ಧ ಪಾಲು ಸಮ್ನರ್ ಅವರಿಗೆ, ಉಳಿದರ್ಧ ನಾರ್ತ್‌ರಪ್ ಮತ್ತು ಸ್ಟ್ಯಾನ್ಲಿ ಅವರಿಗೆ ಸಂದಿತು.

ಪೆಪ್ಸಿನ್ ಎಂದಾಗ ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಸ್ವೀಡನ್ನಿನ ಉಪ್ಸಾಲಾದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಫಿಲ್‌ಪಾಟ್ ಎಂಬ ಯುವಕ ಪೆಪ್ಸಿನ್ ದ್ರಾವಣವನ್ನು ಫ್ರಿಜ್‌ನಲ್ಲಿಟ್ಟು ಹಿಮದ ಮೇಲೆ ಜಾರುವ ಆಟಕ್ಕೆಂದು ರಜೆಯ ಮೇಲೆ ಹೋದ. ಮರಳಿ ಬಂದು ನೋಡಿದರೆ ಎರಡು ಮಿಲಿಮೀಟರ್‌ವರೆಗೆ ಬೆಳೆದ ಸೊಗಸಾದ ಹರಳುಗಳು! ಅವನು ಊರಿನಲ್ಲಿದ್ದಿದ್ದರೆ ದಿನಕ್ಕೆ ನಾಲ್ಕು ಸಲ ಬಾಗಿಲು ತೆರೆದು ಕುಲುಕಿ ನೋಡುತ್ತಿದ್ದನೋ ಏನೋ. ಅಲ್ಲಿಗೆ ಬಂದಿದ್ದ ಗ್ಲೆನ್ ಮಿಲಿಕನ್ ಎಂಬವರು ಒಂದು ನಳಿಗೆಯಷ್ಟು ಹರಳುಗಳನ್ನು ಅವುಗಳ ದ್ರಾವಣದ ಸಮೇತ ಕೋಟಿನ ಜೇಬಿನಲ್ಲಿಟ್ಟುಕೊಂಡು ಕೇಂಬ್ರಿಜ್‌ಗೆ ತಂದು ಬರ್ನಾಲ್ ಅವರ ಕೈಗೆ ಕೊಟ್ಟರು.

ಬರ್ನಾಲ್ ಹರಳನ್ನು ದ್ರಾವಣದಿಂದ ಹೊರತೆಗೆದು, ಅಂದಿನ ವಾಡಿಕೆಯಂತೆ ಗಾಳಿಯಲ್ಲಿಟ್ಟು ಎಕ್ಸ್-ಕಿರಣ ಹಾಯಿಸಿದಾಗ ಫಿಲ್ಮಿನ ಮೇಲೆ ಚುಕ್ಕೆಗಳಿಲ್ಲ. ಆದರೆ ದ್ರಾವಣದೊಳಗಿರುವಾಗ ಹೊಳೆಯುತ್ತಿದ್ದ ಹರಳು ಹೊರಗೆ ಬಂದ ಮೇಲೆ ಆ ಹೊಳಪನ್ನು ಕಳೆದುಕೊಳ್ಳುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. ಅಂದರೆ ಹರಳು ಒಣಗಿ ಅದರ ಒಳಗಿನ ಸಾಲುಗಳು ಕುಸಿಯುತ್ತಿವೆ! ಈಗ ನಮಗೆ ಗೊತ್ತಿರುವಂತೆ ಪ್ರೋಟೀನಿನ ಹರಳಿನಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಭಾಗ ದ್ರಾವಣವೇ ಇರುತ್ತದೆ. ಅದು ಮಿಸ್ರಿಯಂತೆ ಒಣ ಹರಳಲ್ಲ. ನೀರಿನಿಂದಲೇ ನಿಂತಿರುವ ಕಟ್ಟಡ. ಬರ್ನಾಲ್ ಹರಳನ್ನು ಅದರ ದ್ರಾವಣದ ಜೊತೆಗೇ ತೆಳುವಾದ ಗಾಜಿನ ನಳಿಗೆಯಲ್ಲಿಟ್ಟು ಬಾಯಿ ಮುಚ್ಚಿ ಮತ್ತೆ ಚಿತ್ರ ತೆಗೆದರು. ಫಿಲ್ಮಿನ ತುಂಬ ಚುಕ್ಕೆಗಳು. 1934ರ ಮೇ ತಿಂಗಳಲ್ಲಿ ಈ ಸುದ್ದಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹರಳನ್ನು ಒದ್ದೆಯಾಗಿಡಬೇಕೆಂಬ ಇಷ್ಟು ಸಣ್ಣ ಸಂಗತಿ ಒಂದು ಹೊಸ ಶಾಸ್ತ್ರದ ಬಾಗಿಲನ್ನೇ ತೆರೆಯಿತು.

ಆ ಲೇಖನದಲ್ಲಿ ಬರ್ನಾಲ್ ಜೊತೆಗೆ ಹೆಸರಿದ್ದದ್ದು ಡೊರೊಥಿ ಕ್ರೋಫುಟ್ ಎಂಬ ತರುಣಿಯದು. ಮದುವೆಯ ನಂತರ ಡೊರೊಥಿ ಹಾಜ್‌ಕಿನ್. ಇವರು ಹುಟ್ಟಿದ್ದು 1910ರಲ್ಲಿ, ಕೈರೋದಲ್ಲಿ. ಮಿಸ್ರಿ ಎಂಬ ಹೆಸರು ಬಂದದ್ದೂ ಮಿಸ್ರ್ ಅಂದರೆ ಈಜಿಪ್ಟಿನಿಂದಲೇ ಅಲ್ಲವೇ! ಎಳೆಯ ವಯಸ್ಸಿನಲ್ಲೇ ಕೈಬೆರಳುಗಳಿಗೆ ಸಂಧಿವಾತ ಬಂದರೂ ಹರಳುಗಳ ಕೆಲಸವನ್ನು ಇವರು ಬಿಡಲಿಲ್ಲ. ಇನ್ಸುಲಿನ್ ಹರಳಿನ ಮೊದಲ ಚಿತ್ರವನ್ನು ಇವರು 1930ರ ದಶಕದ ನಡುವಿನಲ್ಲಿ ತೆಗೆದರು. ಅದರ ರಚನೆಯನ್ನು ಪೂರ್ತಿಯಾಗಿ ಬಿಡಿಸಿದ್ದು 1969ರಲ್ಲಿ. ಮೂವತ್ತು ವರ್ಷಕ್ಕೂ ಮೀರಿದ ಸಬರ್! ಪೆನ್ಸಿಲಿನ್ ಮತ್ತು ಬಿ-12 ವಿಟಮಿನ್‌ಗಳ ಕೆಲಸಕ್ಕಾಗಿ ನೊಬೆಲ್ ಅವರಿಗೆ 1964ರಲ್ಲಿಯೇ ಬಂದಿತ್ತು.

ಇನ್ಸುಲಿನ್ ಹರಳಿನದೇ ಒಂದು ಸ್ವಾರಸ್ಯ. ಅಮೆರಿಕದ ಏಬಲ್ ಎಂಬವರು ಅದನ್ನು 1926ರಲ್ಲಿ, ಅಂದರೆ ಸಮ್ನರ್ ಯೂರಿಯೇಸ್ ಹರಳು ಕಂಡ ವರ್ಷವೇ, ಹರಳುಗಟ್ಟಿಸಿದ್ದರು. ಆದರೆ ಒಮ್ಮೆ ಬಂದ ಹರಳು ಇನ್ನೊಮ್ಮೆ ಬರುತ್ತಿರಲಿಲ್ಲ. ಇದು ಏಕೆಂದು 1934ರಲ್ಲಿ ಟೊರಾಂಟೋದ ಸ್ಕಾಟ್ ಕಂಡುಹಿಡಿದರು: ದ್ರಾವಣದಲ್ಲಿ ಸತುವಿನ ಅಂಶ ಇರಬೇಕು. ಸತು ಇದ್ದಾಗ ಹರಳು, ಇಲ್ಲದಾಗ ಇಲ್ಲ. ಇದು ತಿಳಿದ ಮೇಲೆ ಸತುವನ್ನು ಬೇಕೆಂದೇ ಸೇರಿಸಿ, ದೇಹದಲ್ಲಿ ನಿಧಾನವಾಗಿ ಕರಗಿ ಹೆಚ್ಚು ಹೊತ್ತು ಕೆಲಸ ಮಾಡುವ ಇನ್ಸುಲಿನ್‌ಗಳನ್ನು ತಯಾರಿಸಿದರು. ನಿಮ್ಮ ಮನೆಯಲ್ಲಿ ಅಮ್ಮಿಜಾನಿಗೋ ದಾದಾಜಾನಿಗೋ ಕೊಡುವ ಇನ್ಸುಲಿನ್ ಬಾಟಲಿ ಹಾಲಿನಂತೆ ಮಂಜಾಗಿದ್ದರೆ ಅದನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಎಂದು ಡಾಕ್ಟರು ಹೇಳಿರುತ್ತಾರೆ. 1946ರಲ್ಲಿ ಡೆನ್ಮಾರ್ಕಿನಲ್ಲಿ ರೂಪುಗೊಂಡ ಎನ್‌ಪಿಎಚ್ ಎಂಬ ಆ ಬಗೆಯ ಔಷಧಿಯಲ್ಲಿ ತೇಲುತ್ತಿರುವುದು ಸತು ಬೆರೆತ ಸೂಕ್ಷ್ಮ ಹರಳುಗಳೇ. ಎಲ್ಲ ಇನ್ಸುಲಿನ್ ಹೀಗಿರುವುದಿಲ್ಲ, ನೀರಿನಂತೆ ತಿಳಿಯಾದವೂ ಇವೆ. ಆದರೆ ಮಂಜಾದ ಆ ಬಾಟಲಿಯನ್ನು ಕೈಯಲ್ಲಿ ಹಿಡಿದಾಗ ಈ ಇತಿಹಾಸದ ಒಂದು ತುಣುಕು ನಿಮ್ಮ ಅಂಗೈಯಲ್ಲಿಯೇ ಇರುತ್ತದೆ.

ಇತ್ತೀಚಿನ ವಿಧಾನವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಮಿಲಿಲೀಟರಿನ ಸಾವಿರದ ಒಂದೆರಡು ಪಾಲಿನಷ್ಟು ಪ್ರೋಟೀನ್ ಹನಿಯನ್ನು ಗಾಜಿನ ಚೂರಿನ ಕೆಳಮುಖಕ್ಕೆ ಇಟ್ಟು, ಉಪ್ಪಿನ ದ್ರಾವಣವಿರುವ ಚಿಕ್ಕ ಗುಂಡಿಯ ಮೇಲೆ ಮುಚ್ಚಳದಂತೆ ಅಂಟಿಸುತ್ತಾರೆ. ಹನಿಯ ನೀರು ಆವಿಯಾಗಿ ಮೆಲ್ಲಮೆಲ್ಲನೆ ಗುಂಡಿಯ ದ್ರಾವಣಕ್ಕೆ ಸೇರುತ್ತದೆ, ಹನಿ ಗಟ್ಟಿಯಾಗುತ್ತಾ ಹೋಗುತ್ತದೆ. ಹ್ಯೂನೆಫೆಲ್ಡ್‌ರ ಎರಡು ಗಾಜಿನ ತಟ್ಟೆಗಳು ಮಾಡಿದ ಕೆಲಸವೇ ಇದು, ಅಳತೆ ಮಾಡಿದ ರೂಪದಲ್ಲಿ. ಒಂದೊಂದು ಗುಂಡಿಯಲ್ಲಿ ಒಂದೊಂದು ಉಪ್ಪು, ಒಂದೊಂದು ಆಮ್ಲದ ಮಟ್ಟ. ಒಂದು ತಟ್ಟೆ 4 ಡಿಗ್ರಿಯಲ್ಲಿ, ಇನ್ನೊಂದು 20 ಡಿಗ್ರಿಯಲ್ಲಿ. 1991ರಲ್ಲಿ ಜಂಕಾರಿಕ್ ಮತ್ತು ಕಿಮ್ ಎಂಬಿಬ್ಬರು ಅದುವರೆಗೆ ಫಲ ಕೊಟ್ಟ ಹದಗಳನ್ನು ಆಧರಿಸಿ 50 ದ್ರಾವಣಗಳ ಒಂದು ಪಟ್ಟಿ ಮಾಡಿಕೊಟ್ಟರು. ಅಲ್ಲಿಂದ ಕುರುಡು ಹುಡುಕಾಟ ತಕ್ಕಮಟ್ಟಿಗೆ ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ. 2020ರಿಂದೀಚೆಗೆ ಕಂಪ್ಯೂಟರೇ ಪ್ರೋಟೀನಿನ ಆಕಾರವನ್ನು ಊಹಿಸಿ ಹೇಳುತ್ತಿದೆ, 2024ರಲ್ಲಿ ಆ ಕೆಲಸಕ್ಕೆ ನೊಬೆಲ್ ಕೂಡ ಬಂತು. ಇನ್ನು ಹರಳು ಏಕೆ ಎಂದು ಕೇಳುವವರಿದ್ದಾರೆ. ಆ ಕಂಪ್ಯೂಟರ್ ಪಾಠ ಕಲಿತದ್ದು 1971ರಿಂದ ಕೂಡಿಟ್ಟ ರಚನೆಗಳ ಭಂಡಾರದಿಂದ. ಅದರಲ್ಲಿ ಬಹುಪಾಲು ಹರಳುಗಳಿಂದ ಬಂದದ್ದೇ.

ಒಮ್ಮೆ ನಮ್ಮ ತರಗತಿಯಲ್ಲಿ ಪಟಿಕದ ಹರಳು ಬೆಳೆಸುವ ಪ್ರಯೋಗ ಮಾಡಿದೆವು. ನಾನು ಭಾಷೆಯ ಶಿಕ್ಷಕರ ಗುಂಪಿಗೆ ಸೇರಿದರೂ ವಿಜ್ಞಾನದವರು ರಜೆಯಲ್ಲಿದ್ದುದರಿಂದ ಆ ಅವಧಿ ನನ್ನ ಪಾಲಿಗೆ ಬಂದಿತ್ತು. ಮೂರು ಲೋಟಗಳು. ಒಂದನ್ನು ತಣ್ಣೀರಿನ ಬಾಂಡ್ಲಿಯಲ್ಲಿಟ್ಟು ಬೇಗ ಆರಿಸಿದೆವು. ಅದರಲ್ಲಿ ಬರೀ ರವೆಯಂಥ ಪುಡಿ. ಇನ್ನೊಂದನ್ನು ಹುಡುಗರು ದಿನವೂ ಎತ್ತಿ ಎತ್ತಿ ನೋಡಿದರು. ಅದರಲ್ಲಿ ಅಂಟಿಕೊಂಡ ಗೊಂಚಲು. ಬೀರುವಿನ ಹಿಂದೆ ಮರೆತುಹೋದ ಮೂರನೆಯ ಲೋಟದಲ್ಲಿ ದಾರದ ತುದಿಗೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ಒಂಟಿ ಹರಳು. ‘ಮೊದಲನೆಯದು ಫೇಲಾ ಮಿಸ್?’ ಎಂದು ಒಬ್ಬಳು ಕೇಳಿದಳು. ನಾನು ಫೇಲು ಎನ್ನಲಿಲ್ಲ. ಯಾವ ಲೋಟಕ್ಕೆ ಏನಾಯಿತೆಂದು ಪಟ್ಟಿ ಬರೆಸಿದೆ. ಆ ಪಟ್ಟಿಯೇ ವಿಜ್ಞಾನ ಎಂದು ನನ್ನ ನಂಬಿಕೆ. ಆ ಪ್ರಯೋಗಕ್ಕೆ ಬೇಕಾದ ಥರ್ಮಾಮೀಟರ್ ಮಾತ್ರ ನಮಗೆ ಸಿಗಲಿಲ್ಲ. ಇದ್ದ ಒಂದೇ ಒಂದು, ಬೀಗ ಹಾಕಿದ ಬೀರುವಿನಲ್ಲಿತ್ತು. ಬೀಗದ ಕೈ ರಜೆಯಲ್ಲಿದ್ದವರ ಬಳಿ ಇತ್ತು.

ಆದ್ದರಿಂದ ಸಂಸ್ಥೆಯ ಸದಸ್ಯರಾದ ಹಿರಿಯರಲ್ಲಿ ಒಂದು ಬಿನ್ನಹ. ಸಮ್ನರ್ ಕಥೆಯನ್ನು ಕೇಳಿ, ‘ನೋಡಿದಿರಾ, ಏನೂ ಇಲ್ಲದೆ ಸಾಧಿಸಿದ’ ಎಂದು ಮೆಚ್ಚಿ ಸುಮ್ಮನಾಗುವುದು ಸುಲಭ. ಕಿಟಕಿಯ ಅಂಚಿನ ಮೇಲೆ ಜಾಡಿ ಇಟ್ಟ ವರ್ಷಗಳಲ್ಲಿ ಅವರಿಗೆ ಹರಳು ಬರಲಿಲ್ಲ ಎಂಬುದನ್ನೂ ನೋಡಬೇಕು. ಹರಳು ಬಂದದ್ದು ಐಸ್ ಪೆಟ್ಟಿಗೆ ಬಂದ ಮೇಲೆ. ನಾವು ಕಟ್ಟಡಕ್ಕೆ ಕೊಡುತ್ತೇವೆ, ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸುತ್ತೇವೆ; ಸ್ಕಾಲರ್‌ಷಿಪ್ಪಿಗೂ ಕೊಡುತ್ತೇವೆ, ಅಲ್ಲಾಹನು ಸ್ವೀಕರಿಸಲಿ. ಥರ್ಮಾಮೀಟರಿನ ಮೇಲೆ ಹೆಸರು ಕೆತ್ತಿಸಲು ಜಾಗವಿಲ್ಲವೆಂದೋ ಏನೋ, ಅದನ್ನು ಕೊಡುವವರು ಕಡಿಮೆ.

ಪರಿಸ್ಥಿತಿಯ ಮಾತು ನಮ್ಮ ಬೆಂಗಳೂರಿಗೂ ಅನ್ವಯಿಸುತ್ತದೆ. ಕೇರಳದವರಾದ ಎಂ. ವಿಜಯನ್ ಅವರು ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಜ್‌ಕಿನ್ ಅವರ ತಂಡದಲ್ಲಿದ್ದು 1969ರ ಆ ಇನ್ಸುಲಿನ್ ಕೆಲಸದಲ್ಲಿ ಭಾಗಿಯಾಗಿದ್ದವರು. 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಜಗತ್ತಿನ ಅತ್ಯುತ್ತಮ ಪ್ರಯೋಗಶಾಲೆಯಲ್ಲಿ ಪಳಗಿದ ಕೈ. ಆದರೆ ಪ್ರೋಟೀನಿನ ಹರಳಿನ ಕೆಲಸಕ್ಕೆ ಬೇಕಾದ ಸಲಕರಣೆ ಇಲ್ಲಿರಲಿಲ್ಲ. ಅವರು ಚಿಕ್ಕ ಅಣುಗಳ ಹರಳುಗಳ ಮೇಲೆ ಕೆಲಸ ಮಾಡುತ್ತಾ ಕಾದರು. 1980ರ ದಶಕದಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವು ದೊರೆತ ಮೇಲೆ ಕೆಲಸ ಕುದುರಿತು. ಅವರ ತಂಡ ಕೈಗೆತ್ತಿಕೊಂಡದ್ದು ನಮ್ಮ ಹೊಲದ ಕಡಲೆಕಾಯಿಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನನ್ನು. 1994ರಲ್ಲಿ ಅದರ ರಚನೆ ಪ್ರಕಟವಾಯಿತು. ನಾಲ್ಕು ತುಂಡುಗಳು ಸೇರಿದ ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ಇರುವ ಸಮತೋಲದ ಜೋಡಣೆ ಅದರಲ್ಲಿರಲಿಲ್ಲ; ಯಾರೂ ನಿರೀಕ್ಷಿಸಿರದ ವಿಚಿತ್ರ ಜೋಡಣೆ ಇತ್ತು. 1996ರಲ್ಲಿ ಹಲಸಿನ ಬೀಜದ ಜ್ಯಾಕಲಿನ್ ಎಂಬ ಪ್ರೋಟೀನಿನ ರಚನೆಯನ್ನೂ ಅವರ ತಂಡ ಬಿಡಿಸಿತು. ನಾವು ಹುರಿದು ತಿನ್ನುವ ಕಡಲೆಕಾಯಿ, ಸಾರಿಗೆ ಹಾಕುವ ಹಲಸಿನ ಬೀಜ! ವಿಜಯನ್ 2022ರಲ್ಲಿ ತೀರಿಕೊಂಡರು.

ಇನ್ನು ಸಮ್ನರ್ ಅವರ ಹರಳು. ಹರಳು ದೊರೆತರೂ ಅದರ ಒಳಗಿನ ರಚನೆ ದಶಕಗಳ ಕಾಲ ಬಿಡಿಸದ ಒಗಟಾಗಿಯೇ ಉಳಿಯಿತು. ಅದರಲ್ಲಿ ನಿಕ್ಕಲ್ ಎಂಬ ಲೋಹ ಅಡಗಿದೆ ಎಂಬುದು ಆಸ್ಟ್ರೇಲಿಯಾದವರಿಂದ ತಿಳಿದದ್ದೇ 1975ರಲ್ಲಿ. ಸಮ್ನರ್ ಅಷ್ಟರಲ್ಲಿ ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು. ಜಾಕ್‌ಬೀನ್ ಯೂರಿಯೇಸ್‌ನ ಸಂಪೂರ್ಣ ರಚನೆಯನ್ನು ಕೊನೆಗೆ ಬಿಡಿಸಿದವರು ಅಮೆರಿಕದವರಲ್ಲ, ಜರ್ಮನಿಯವರೂ ಅಲ್ಲ. ಚೆನ್ನೈನಲ್ಲಿರುವ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ, ಜಿ.ಎನ್. ರಾಮಚಂದ್ರನ್ ಅವರು 1952ರಲ್ಲಿ ಬೆಂಗಳೂರಿನಿಂದ ಹೋಗಿ ಕಟ್ಟಿ ಬೆಳೆಸಿದ ವಿಭಾಗದಲ್ಲಿ, ಎ. ಬಾಲಸುಬ್ರಮಣಿಯನ್ ಮತ್ತು ಕಾರ್ತೆ ಪೊನ್ನುರಾಜ್ ಎಂಬಿಬ್ಬರು. 840 ಅಮೈನೋ ಆಮ್ಲಗಳ ಸರಪಳಿ, ಅಂಥ ಆರು ಸರಪಳಿಗಳ ಕೂಟ, ಪ್ರತಿಯೊಂದರ ಒಡಲಲ್ಲಿ ಎರಡು ನಿಕ್ಕಲ್ ಪರಮಾಣುಗಳು. 2010ರಲ್ಲಿ ಅಚ್ಚಾದ ಆ ಲೇಖನದ ಶೀರ್ಷಿಕೆಯಲ್ಲಿಯೇ ಅವರು ಮೊದಲ ಹರಳಿನಿಂದ ರಚನೆಯವರೆಗಿನ ಪಯಣವನ್ನು ಎಣಿಸಿ ಬರೆದಿದ್ದಾರೆ: 83 ವರ್ಷಗಳು.